ಪ್ರತಿಕ್ರಿಯೆ: ಜಿಂಗ್ ರಾಣಿಗೆ ಗುರುತು ಸಿಕ್ಕಿದ್ದು ಹೇಗೆ?

2015ರ ಚೀನೀ ಧಾರಾವಾಹಿ 'ನಿರ್ವಾಣ ಇನ್ ಫೈರ್'ನಲ್ಲಿ ತಂತ್ರಗಾರ ಮೇ ಚಾಂಗ್‌ಸುವೇ ಸತ್ತನೆಂದು ಎಲ್ಲರೂ ನಂಬಿದ್ದ ಗೆಳೆಯ ಲಿನ್ ಶು ಎಂಬ ಗುಟ್ಟು ರಾಜಕುಮಾರ ಜಿಂಗ್‌ಯಾನ್‌ಗೆ ಕೊನೆಕೊನೆಗೆ ತಿಳಿಯುತ್ತದೆ; ಅದು ಅವನ ತಾಯಿ ಜಿಂಗ್ ರಾಣಿಗೆ ಅಷ್ಟು ಮೊದಲೇ ಹೇಗೆ ತಿಳಿಯಿತು ಎಂದು ತಾವು ಕೇಳಿದ್ದೀರಿ. ಐವತ್ತನಾಲ್ಕು ಕಂತುಗಳನ್ನೂ ನೋಡಿ ಮುಗಿಸಿದ್ದೀರೆಂದು ಭಾವಿಸಿ ಬರೆಯುತ್ತಿದ್ದೇನೆ.

ಸುಳಿವು ಇರುವುದು ಮೇ ಚಾಂಗ್‌ಸುವಿನಿಂದ ಜಿಂಗ್‌ಯಾನ್ ಎರವಲು ತಂದ ಪ್ರವಾಸಗ್ರಂಥದಲ್ಲಿ. ಅದರ ಅಂಚಿನಲ್ಲಿ ಮೇ ಚಾಂಗ್‌ಸು ಬರೆದ ಟಿಪ್ಪಣಿಗಳಲ್ಲಿ ಕೆಲವು ಅಕ್ಷರಗಳಿಗೆ ಒಂದೊಂದು ಗೆರೆ ಕಡಿಮೆಯಿದೆ. ಹೆತ್ತವರ ಹೆಸರಿನ ಅಕ್ಷರವನ್ನು ಪೂರ್ತಿಯಾಗಿ ಬರೆಯುವುದು ಅವಿನಯವೆಂಬ ಹಳೆಯ ಚೀನೀ ಶಿಷ್ಟಾಚಾರದ ಪ್ರಕಾರ ಅವನು ತನ್ನ ತಾಯಿಯ ಹೆಸರಿನ ಅಕ್ಷರಗಳನ್ನು ಬೇಕೆಂದೇ ಅರೆಯಾಗಿ ಬಿಟ್ಟಿದ್ದಾನೆ. ಹಿಂದೆ ಲಿನ್ ಮನೆತನದ ಆಶ್ರಯದಲ್ಲಿದ್ದು, ಆ ತಾಯಿಯನ್ನು ಹತ್ತಿರದಿಂದ ಬಲ್ಲ ಜಿಂಗ್ ರಾಣಿಗೆ ಅಷ್ಟೇ ಸಾಕಾಯಿತು. (ಗೆರೆ ಬಿಡುವ ಈ ಪದ್ಧತಿ ಹೆಚ್ಚು ಬಳಕೆಗೆ ಬಂದದ್ದು ಚೀನಾದ ಟಾಂಗ್ ರಾಜವಂಶದ ಕಾಲದಲ್ಲಿ, ಅಂದರೆ ಏಳರಿಂದ ಹತ್ತನೆಯ ಶತಮಾನದಲ್ಲಿ; ಕಥೆಯ ಲಿಯಾಂಗ್ ರಾಜ್ಯ ಕಲ್ಪಿತವಾದ್ದರಿಂದ ಅದನ್ನು ದೋಷವೆನ್ನಲಾರೆ.)

ಮಗನಿಗೂ ಮೇ ಚಾಂಗ್‌ಸುವಿಗೂ ಎಂದು ರಾಣಿ ಮಗನ ಕೈಗೆ ಕೊಟ್ಟು ಕಳಿಸುವ ತಿಂಡಿಪೆಟ್ಟಿಗೆಗಳನ್ನು ಮತ್ತೊಮ್ಮೆ ಗಮನಿಸಿ: ಹೇಝಲ್‌ನಟ್ ಸಿಹಿತಿಂಡಿ ಜಿಂಗ್‌ಯಾನ್‌ನ ಪಾಲಿಗೆ ಮಾತ್ರ ಇರುತ್ತದೆ. ಲಿನ್ ಶುವಿನ ಮೈಗೆ ಆ ಕಾಯಿ ಒಗ್ಗುವುದಿಲ್ಲವೆಂಬುದು ಆಕೆಗೆ ನೆನಪಿದೆ. ಬಾಯಿಬಿಟ್ಟು ಒಂದು ಮಾತನ್ನೂ ಆಡದ ಆ ದೃಶ್ಯವೇ ನನಗೆ ಯುದ್ಧದ ಕಂತುಗಳಿಗಿಂತ ಹೆಚ್ಚು ಮೆಚ್ಚಿಕೆಯಾಯಿತು.