78ರ ಅಪ್ಪನ ಕಾಲಿಗೆ ರಕ್ತ ಹೋಗುತ್ತಿಲ್ಲ, ಕಾಲು ತೆಗೆಸಲೇಬೇಕಾ?

ಅಪ್ಪನಿಗೆ 78 ವರ್ಷ, ಹಳೇ ಶುಗರ್, ಬಲಗಾಲಿನ ಕಿರುಬೆರಳು ಒಣಗಿ ಕಪ್ಪಾಗಿದೆ, ಮಂಡಿ ಕೆಳಗೆ ತೆಗೆಯಬೇಕು ಅಂದಿದ್ದಾರೆ, ಈ ವಯಸ್ಸಿಗೆ ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ರಕ್ತನಾಳದ ಸರ್ಜರಿ ವಾರ್ಡಿನಲ್ಲಿ ನರ್ಸ್. ಇಂಥ ಕಾಲುಗಳಿಗೆ ಡ್ರೆಸಿಂಗ್ ಮಾಡುವುದೇ ನನ್ನ ಕೆಲಸ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ರಕ್ತ ಎಲ್ಲಿ ಕಟ್ಟಿಕೊಂಡಿದೆ ಅಂತ ಆಂಜಿಯೋಗ್ರಾಮ್ (ರಕ್ತನಾಳಕ್ಕೆ ಡೈ ಬಿಟ್ಟು ತೆಗೆಯುವ ಚಿತ್ರ) ಮಾಡಿ ನೋಡಿದ್ದೀರಾ? ನೋಡಿಲ್ಲ ಅಂದರೆ ರಕ್ತನಾಳದ ಸರ್ಜನ್ ಹತ್ತಿರ ಈ ವಾರವೇ ಹೋಗಿ. ಮೊದಲು ರಕ್ತ ಹರಿಸಬೇಕು, ಆಮೇಲೆ ಸತ್ತ ಭಾಗ ತೆಗೆಯಬೇಕು. ಎಷ್ಟೋ ಸಲ ಬೆರಳೊಂದು ಹೋಗಿ ಪಾದ ಉಳಿಯುತ್ತದೆ. ರಕ್ತವೇ ಇಲ್ಲದ ಕಡೆ ಬೆರಳು ಕತ್ತರಿಸಿದರೆ ಆ ಗಾಯವೂ ಮಾಯುವುದಿಲ್ಲ, ಮೇಲಕ್ಕೆ ಹತ್ತುತ್ತಾ ಹೋಗುತ್ತದೆ.

ಆದರೆ ಕೀವು, ಕೆಟ್ಟ ವಾಸನೆ, ಪಾದ ಊದಿ ಕೆಂಪಾಗುವುದು, ಚಳಿಜ್ವರ ಇದ್ದರೆ ಕಾಯಬೇಡಿ. ಅದು ಅವತ್ತೇ ಅಡ್ಮಿಟ್ ಆಗುವ ಕೇಸು. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ ಬಿಳಿಚಿಕೊಂಡರೆ ಗಂಟೆಗಳ ಲೆಕ್ಕ.

ಶುಗರ್ ಇರುವವರಲ್ಲಿ ಒಂದು ತೊಡಕಿದೆ. ಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿ ಹೋಲಿಸುವ ಪರೀಕ್ಷೆಯಲ್ಲಿ 0.9ಕ್ಕಿಂತ ಕಮ್ಮಿ ಬಂದರೆ ತೊಂದರೆ, 0.4ಕ್ಕಿಂತ ಕೆಳಗೆ ಬಂದರೆ ತೀವ್ರ. ಆದರೆ ಶುಗರ್‌ನವರ ರಕ್ತನಾಳ ಎಷ್ಟೋ ಸಲ ಸುಣ್ಣಗಟ್ಟಿ ಗಟ್ಟಿಯಾಗಿರುತ್ತದೆ, ಪಟ್ಟಿ ಬಿಗಿದರೂ ಒತ್ತುವುದಿಲ್ಲ. ನಂಬರ್ ಸುಮ್ನೆ ಚೆನ್ನಾಗಿ ಕಾಣುತ್ತದೆ. ಕಾಲಿನ ಹೆಬ್ಬೆರಳಿನ ರಕ್ತದೊತ್ತಡವನ್ನೂ ನೋಡಿಸಿ. 30 ಎಂಎಂ ಎಚ್‌ಜಿಗಿಂತ (ಬಿ.ಪಿ. ಅಳೆಯುವ ಅದೇ ಲೆಕ್ಕ) ಕೆಳಗಿದ್ದರೆ ರಕ್ತ ತುಂಬಾ ಕಮ್ಮಿ ಅಂತಲೇ.

ವಯಸ್ಸು ಅಡ್ಡಿಯಲ್ಲ. ಆಂಜಿಯೋಪ್ಲಾಸ್ಟಿಯನ್ನು (ಕಟ್ಟಿದ ನಾಳವನ್ನು ಒಳಗಿಂದ ಬಲೂನ್ ಉಬ್ಬಿಸಿ ತೆರೆಯುವುದು) ಸಾಮಾನ್ಯವಾಗಿ ತೊಡೆಸಂದಿನಲ್ಲಿ ಮಾತ್ರ ಮರಗಟ್ಟಿಸಿ ಮಾಡುತ್ತಾರೆ, ರೋಗಿ ಮಾತಾಡುತ್ತಲೇ ಇರುತ್ತಾರೆ. ಬಲೂನಿಂದ ತೆರೆದ ನಾಳ ಮತ್ತೆ ಮುಚ್ಚಿಕೊಳ್ಳಬಹುದು, ಆದರೂ ಗಾಯ ಮಾಯುವವರೆಗೆ ತೆರೆದಿದ್ದರೆ ಅರ್ಧ ಕೆಲಸ ಆದಂತೆ. ಇನ್ನೊಂದು ದಾರಿ ಬೈಪಾಸ್, ಅಂದರೆ ಕಟ್ಟಿದ ಜಾಗವನ್ನು ಬಳಸಿ ರಕ್ತ ಹರಿಯಲು ಬೇರೆ ನಾಳ ಜೋಡಿಸುವ ಆಪರೇಷನ್. ಅದನ್ನು ಹೃದಯ ತಾಳಿಕೊಳ್ಳುವಂತಿರಬೇಕು, ಜೋಡಿಸಲು ಕಾಲಿನಲ್ಲಿ ಒಳ್ಳೆಯ ಅಭಿಧಮನಿಯೂ (ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳ) ಇರಬೇಕು. ಯಾವುದು ಮೇಲು ಅನ್ನುವುದಕ್ಕೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. 2022ರ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲಿ ಒಳ್ಳೆಯ ಅಭಿಧಮನಿ ಇದ್ದವರಿಗೆ ಬೈಪಾಸ್ ಗೆದ್ದಿತು. 2023ರ ಬೇಸಿಲ್-2 ಅಧ್ಯಯನದಲ್ಲಿ, ಮಂಡಿ ಕೆಳಗಿನ ನಾಳ ಕಟ್ಟಿದವರಿಗೆ ಮೊದಲು ಬಲೂನ್ ಮಾಡಿದ್ದೇ ಮೇಲಾಯಿತು. ಹಾಗಾಗಿ ನಿಮ್ಮ ಡಾಕ್ಟರ್ ಒಂದು ಹೇಳಿದರೆ ಯಾಕೆ ಅಂತ ಕೇಳಿ, ತಪ್ಪೇನಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಜೊತೆಗಿರಲಿ, ಆಂಜಿಯೋಗ್ರಾಮ್ ಡೈ ಕಿಡ್ನಿಗೆ ಭಾರ.

ಎದ್ದು ಓಡಾಡದೆ ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ, ಪಾದವೇ ಪೂರ್ತಿ ಸತ್ತವರಿಗೆ ಲೆಕ್ಕ ಬೇರೆ. ಅಲ್ಲಿ ಕಾಲು ತೆಗೆಯುವುದೋ, ಬರೀ ನೋವು ತಗ್ಗಿಸಿ ನೋಡಿಕೊಳ್ಳುವುದೋ ಸರಿಯಿರಬಹುದು. ನಿಮ್ಮ ಅಪ್ಪ ಬಚ್ಚಲಿಗೆ ತಾವೇ ಹೋಗಿಬರುತ್ತಾರೆ ಅಂತ ಬರೆದಿದ್ದೀರಿ. ಅದನ್ನು ಸರ್ಜನ್‌ಗೂ ತಪ್ಪದೆ ಹೇಳಿ.

ಮನೆಯಲ್ಲಿ ಪ್ರೀತಿಯಿಂದಲೇ ಜಾಸ್ತಿ ಕೆಡಿಸುತ್ತೇವೆ. ರಾತ್ರಿ ವಾರ್ಡಿನಲ್ಲಿ ಇಂಥ ಅಜ್ಜಂದಿರು ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟಿರುತ್ತಾರೆ. ಇಳಿಬಿಟ್ಟರೆ ರಕ್ತ ಸ್ವಲ್ಪ ಇಳಿಯುತ್ತದೆ, ನೋವು ತಗ್ಗುತ್ತದೆ. ಮಗಳು ಬಂದು, ಪಾಪ ಅಂತ ಎತ್ತಿ ದಿಂಬಿನ ಮೇಲಿಡುತ್ತಾಳೆ, ಅವರು ಮುಖ ಹಿಂಡುತ್ತಾರೆ. ಎತ್ತಿಡಬೇಡಿ. ಬಿಸಿನೀರಿನ ಚೀಲ, ಎಣ್ಣೆ ತಿಕ್ಕುವುದು, ಬಿಗಿ ಸಾಕ್ಸ್, ಬ್ಲೇಡಲ್ಲಿ ಆಣಿ ಕೆರೆಯುವುದು ಯಾವುದೂ ಬೇಡ. ಸ್ಪರ್ಶ ಇಲ್ಲದ ಪಾದ ಸುಟ್ಟರೂ ಗೊತ್ತಾಗಲ್ಲ. ಕಪ್ಪು ಬೆರಳನ್ನು ಒಣಗಿಸಿಯೇ ಇಡಿ, ನೆನೆಸಬೇಡಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟರೆ ನಡುವೆ ನೀವೇ ನಿಲ್ಲಿಸಬೇಡಿ. ಬೀಡಿ ಸೇದುತ್ತಾರಾ ಅಂತ ನೀವು ಹೇಳಿಲ್ಲ. ಸೇದುತ್ತಿದ್ದರೆ ಇವತ್ತೇ ಬಿಡಿಸಿ, ಇಲ್ಲದಿದ್ದರೆ ತೆರೆದ ನಾಳ ಬೇಗ ಮುಚ್ಚುತ್ತದೆ. ಡಾಪ್ಲರ್ (ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಮಾಡಿಸುವಾಗ ಎಡಗಾಲಿಗೂ ಮಾಡಿಸಿ.