50 ವಾಟಿನ ಆಂಪ್, 120 ವಾಟಿನ ಸ್ಪೀಕರ್: ಬದಲಾಯಿಸಬೇಕಾ?

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಮನೆಯಲ್ಲಿ ಹಳೇ ಸ್ಟೀರಿಯೋ ಆಂಪ್ (ಆಂಪ್ಲಿಫೈಯರ್) ಇದೆ, 8 ಓಮ್‌ಗೆ ಚಾನೆಲ್ಲಿಗೆ 50 ವಾಟ್. ಹೊಸದಾಗಿ ತಂದ ಸ್ಪೀಕರ್ ಹಿಂದೆ 8 ಓಮ್, 87 ಡಿಬಿ, 20ರಿಂದ 120 ವಾಟ್ ಅಂತ ಬರೆದಿದೆ. (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಡಿಬಿ ಅಂದರೆ ಡೆಸಿಬಲ್, ಸದ್ದಿನ ಅಳತೆ.) ಹಾಲ್ 12×15 ಅಡಿ, ಸೋಫಾ ಇರೋದು ಸ್ಪೀಕರ್‌ನಿಂದ 10 ಅಡಿ ದೂರದಲ್ಲಿ. ಅಂಗಡಿಯವರು "50 ವಾಟ್ ಸಾಲಲ್ಲ, ಟ್ವೀಟರ್ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್) ಸುಟ್ಟುಹೋಗುತ್ತೆ, 300 ವಾಟಿನದು ಹಾಕಿ" ಅಂದಿದ್ದಾರೆ. ಇಲ್ಲಿ ಮೇಲಿನ ಕಾಮೆಂಟುಗಳಲ್ಲಿ ಒಬ್ಬರು ಆಂಪ್ ವಾಟ್ ಸ್ಪೀಕರ್‌ಗಿಂತ ಕಡಿಮೆಯೇ ಇರಬೇಕು ಅಂದರೆ, ಇನ್ನೊಬ್ಬರು ಎರಡರಷ್ಟು ಇರಲೇಬೇಕು ಅಂದಿದ್ದಾರೆ.

ಆಂಪ್ ಬದಲಾಯಿಸಬೇಡಿ. ದುಡ್ಡು ಜೇಬಲ್ಲೇ ಇರಲಿ.

ಇಲ್ಲಿ ಎಲ್ಲರೂ 120 ನೋಡಿದ್ದಾರೆ, 87 ಯಾರೂ ನೋಡಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಆ 87ರಲ್ಲಿ. ಸ್ಪೀಕರಿಗೆ 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ನಿಂತು ಅಳೆದರೆ ಎಷ್ಟು ಸದ್ದು ಬರುತ್ತದೆ ಅನ್ನೋದೇ ಅದು, ಸೆನ್ಸಿಟಿವಿಟಿ. ಬಯಲಲ್ಲಾದರೆ 10 ಅಡಿಗೆ ಬರುವಷ್ಟರಲ್ಲಿ ಸುಮಾರು 10 ಡಿಬಿ ಇಳಿಯುತ್ತದೆ. ಮನೆಯೊಳಗೆ ಗೋಡೆಗಳು ಸದ್ದನ್ನು ವಾಪಸ್ ಕೊಡುತ್ತವೆ, ಸ್ಪೀಕರ್ ಬೇರೆ ಎರಡಿವೆ. ಹಾಗಾಗಿ ನಿಮ್ಮ ಸೋಫಾದಲ್ಲಿ 1 ವಾಟಿಗೆ 82 ಡಿಬಿ ಆಸುಪಾಸು ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಅಷ್ಟಿದ್ದರೆ ಪಕ್ಕದಲ್ಲಿ ಕೂತವರ ಜೊತೆ ದನಿ ಎತ್ತಿ ಮಾತಾಡಬೇಕಾಗುತ್ತದೆ. ಬರೀ ಒಂದು ವಾಟಿಗೆ!

ಇನ್ನು ಲೆಕ್ಕ ಸುಲಭ. ವಾಟ್ ಎರಡರಷ್ಟಾದರೆ 3 ಡಿಬಿ ಏರುತ್ತದೆ, ಹತ್ತರಷ್ಟಾದರೆ 10 ಡಿಬಿ. ಕಿವಿಗೆ "ಎರಡರಷ್ಟು ಜೋರು" ಅನ್ನಿಸೋಕೆ ಸುಮಾರು 10 ಡಿಬಿ ಬೇಕು. ಅಂದರೆ 10 ವಾಟಿಗೆ 92 ಡಿಬಿ, 50 ವಾಟಿಗೆ 99. ಆಂಪ್ ಬದಲಾಯಿಸಿ 100 ವಾಟಿನದು ತಂದರೆ 102. ಆ 3 ಡಿಬಿ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ "ಅಬ್ಬಾ" ಅನ್ನೋ ಹಾಗೇನೂ ಇರಲ್ಲ. 300 ವಾಟಿನದು ತಂದರೂ ಈಗಿನದಕ್ಕಿಂತ 8 ಡಿಬಿ ಮಾತ್ರ ಜಾಸ್ತಿ. ಅದೇ 50 ವಾಟಿನ ಆಂಪಿಗೆ 93 ಡಿಬಿ ಸ್ಪೀಕರ್ ಸಿಕ್ಕಿದ್ದರೆ, 87ರದ್ದಕ್ಕೆ 200 ವಾಟ್ ಕೊಟ್ಟಷ್ಟು ಸದ್ದು ಬಂದುಬಿಡುತ್ತಿತ್ತು.

"ಹಾಗಾದರೆ 10 ವಾಟ್ ಸಾಕಲ್ವಾ?" ಅಂತ ಕೇಳಬಹುದು. ಪೂರ್ತಿ ಸಾಲಲ್ಲ. ಸಂಗೀತ ಒಂದೇ ಮಟ್ಟದಲ್ಲಿ ಹರಿಯಲ್ಲ. ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಿ ನೋಡಿ. ತನಿ ಆವರ್ತನದಲ್ಲಿ ಮೃದಂಗದ ಒಂದೊಂದು ಪೆಟ್ಟು ಸರಾಸರಿಗಿಂತ 15 ಡಿಬಿ ಮೇಲೆ ಹಾರಬಹುದು. ಆ ಕ್ಷಣಕ್ಕೆ ಆಂಪ್ 30 ಪಟ್ಟು ವಾಟ್ ಕೊಡಬೇಕು. ನೀವು 80 ಡಿಬಿ ಸರಾಸರಿಯಲ್ಲಿ ಕೇಳುತ್ತಿದ್ದರೆ ಪೆಟ್ಟು 95ಕ್ಕೆ ಹೋಗುತ್ತದೆ, ಅದಕ್ಕೆ 20 ವಾಟ್ ಬೇಕು. ನಿಮ್ಮಲ್ಲಿ 50 ಇದೆ. ಈಗಿನ ಸಿನಿಮಾ ಹಾಡುಗಳಲ್ಲಿ ಮಿಕ್ಸಿಂಗ್ ಮಾಡುವಾಗಲೇ ಎಲ್ಲವನ್ನೂ ಒತ್ತಿ ಸಮ ಮಾಡಿರುತ್ತಾರೆ. ಅಲ್ಲಿ ಪೆಟ್ಟು ಅಷ್ಟು ಹಾರಲ್ಲ, ಆದರೆ ಸರಾಸರಿಯೇ ಮೇಲಿರುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ನೀವೇ ಅಳೆಯಬಹುದು. ಕಂಪ್ಯೂಟರಿನಲ್ಲಿ ಅಡಾಸಿಟಿ ಅನ್ನೋ ಆಡಿಯೋ ತಂತ್ರಾಂಶ ಹಾಕಿಕೊಂಡು 120 ಹರ್ಟ್ಸ್ ಸೈನ್ ಟೋನ್ (ಒಂದೇ ಸಮನೆಯ ಶುದ್ಧ ಸ್ವರ) ಮಾಡಿ, ಆಂಪ್ಲಿಟ್ಯೂಡ್ 0.25 ಕೊಡಿ. ಅದು ಪೂರ್ತಿ ಮಟ್ಟಕ್ಕಿಂತ 12 ಡಿಬಿ ಕೆಳಗಿರುತ್ತದೆ, ಅಂದರೆ ವೋಲ್ಟ್ ಕಾಲು ಭಾಗ. ಆಮೇಲೆ ನಿಮಗಿಷ್ಟವಾದ ಹಾಡು ಹಾಕಿ, ಮನೆಯವರು ಬೈಯುವಷ್ಟು ವಾಲ್ಯೂಮ್ ಏರಿಸಿ. ನಾಬ್ ಅಲ್ಲೇ ಬಿಟ್ಟು ಆಂಪ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ. ಮತ್ತೆ ಆನ್ ಮಾಡಿ, ಅದೇ ಫೋನ್ ಅಥವಾ ಕಂಪ್ಯೂಟರಿಂದ, ಅದರ ವಾಲ್ಯೂಮನ್ನೂ ಮುಟ್ಟದೆ, ಆ ಟೋನ್ ಹಾಕಿ. ಸ್ಪೀಕರ್ ಟರ್ಮಿನಲ್‌ಗಳ ಮಧ್ಯೆ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟ್ ನೋಡಿ. ಬಂದ ಅಂಕಿಯನ್ನು 4ರಿಂದ ಗುಣಿಸಿ, ಅದರ ವರ್ಗ ಮಾಡಿ, 8ರಿಂದ ಭಾಗಿಸಿ. ಉದಾಹರಣೆಗೆ ಮೀಟರ್ 2.5 ತೋರಿಸಿದರೆ 10 ವೋಲ್ಟ್ ಆಯಿತು, 100 ಭಾಗಿಸು 8, ಅಂದರೆ 12.5 ವಾಟ್. ಅಷ್ಟು ವಾಟಿನ ಆಂಪ್ ಇದ್ದರೂ ಆ ಜೋರಿಗೆ ನಿಮಗೆ ಸಾಕಿತ್ತು ಅಂತ ಅರ್ಥ.

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಅಗ್ಗದ ಹಳದಿ ಮೀಟರಿನಲ್ಲಿ ಎಸಿಗೆ 200 ಮತ್ತು 750 ವೋಲ್ಟ್ ರೇಂಜ್ ಮಾತ್ರ ಇರುತ್ತದೆ, 2–3 ವೋಲ್ಟನ್ನು ಅದು ಸರಿಯಾಗಿ ಹೇಳಲ್ಲ. 20 ವೋಲ್ಟ್ ಎಸಿ ರೇಂಜ್ ಇರುವುದು, ಇಲ್ಲವೇ ಆಟೋ ರೇಂಜ್ ಮೀಟರ್ ಯಾರದ್ದಾದರೂ ಈಸ್ಕೊಳ್ಳಿ. ಇನ್ನೊಂದು, ವಾಲ್ವ್ ಆಂಪ್ (ಗಾಜಿನ ಟ್ಯೂಬ್ ಇರುವುದು) ಇರೋರು ಸ್ಪೀಕರ್ ಬಿಚ್ಚಿ ಈ ಪರೀಕ್ಷೆ ಮಾಡಲೇಬೇಡಿ. ಲೋಡ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು.

ಈಗ ಸುಡುವ ವಿಷಯ. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಂಪ್ ತನ್ನ ಮಿತಿ ದಾಟಿದಾಗ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಕ್ಲಿಪಿಂಗ್ ಅನ್ನೋದು ಇದನ್ನೇ. ಅಲೆ ಪೂರ್ತಿ ಚೌಕವಾದರೆ 50 ವಾಟಿನ ಆಂಪ್ 100 ವಾಟ್ ತಳ್ಳುತ್ತದೆ. ಬಾಸ್ ಅಲ್ಲಿಗೆ ನಿಂತರೂ ನೀವು ನಾಬ್ ತಿರುಗಿಸುತ್ತಾ ಹೋದಂತೆ ಮೇಲಿನ ಸ್ವರಗಳು ಏರುತ್ತಲೇ ಇರುತ್ತವೆ. ಸ್ಪೀಕರ್ ಮೇಲೆ 120 ಅಂತ ಬರೆದಿದ್ದರೂ ಒಳಗಿನ ಟ್ವೀಟರ್ ಒಂದೇ ಸಮನೆ ತಡೆಯೋದು ಕೆಲವೇ ವಾಟ್. ಅದರ ಕಾಯಿಲ್ ಕೂದಲೆಳೆ ತಂತಿ. ಅದೇ ಮೊದಲು ಹೋಗೋದು. ಆದರೆ ಇದಾಗೋದು ಆಂಪ್ ಚಿಕ್ಕದು ಅಂತಲ್ಲ, ಚೀರಾಡುತ್ತಿದ್ದರೂ ಯಾರೋ ಏರಿಸುತ್ತಾ ಹೋದರು ಅಂತ. 300 ವಾಟಿನ ಆಂಪ್ ಇದ್ದರೆ ಚೀರಾಟ ಕೇಳಲ್ಲ, ಎಚ್ಚರಿಕೆಯೇ ಇಲ್ಲದೆ ಬಾಸ್ ನುಡಿಸುವ ವೂಫರಿನ ಕಾಯಿಲ್ ಕಾದು ಹೋಗುತ್ತದೆ. ಮಗು ಬಂದು ಪಿನ್ ಎಳೆದಾಗ ಬರುವ "ಢಬ್" ಸಾಕು, ಕೋನ್ ಕಿತ್ತು ಬರಲು.

"ಎರಡರಷ್ಟು ಇರಬೇಕು" ಅನ್ನೋ ಮಾತು ಸ್ಟೇಜ್ ಸೌಂಡ್‌ನವರದ್ದು. ಅವರಲ್ಲಿ ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಇರುತ್ತದೆ, ಪಕ್ಕದಲ್ಲೇ ಆಪರೇಟರ್ ನಿಂತಿರುತ್ತಾನೆ. ಮನೆಯಲ್ಲಿ ಮದುವೆ ವಿಡಿಯೋ ಹಾಕಿಕೊಂಡು ಭಾವಮೈದ ನಾಬ್ ತಿರುಗಿಸುವಾಗ ಲಿಮಿಟರ್ ಎಲ್ಲಿಂದ ಬರಬೇಕು?

ನೀವು ಕಾಯಬೇಕಾದ್ದು ಎರಡು ಕಡೆ. ಒಂದು, ಬಾಸ್ ಕಂಟ್ರೋಲ್ ಮತ್ತು ಫೋನಿನ ಈಕ್ವಲೈಜರ್. ಬಾಸ್ 10 ಡಿಬಿ ಏರಿಸಿದರೆ ಆ ಸ್ವರಗಳಿಗೆ ಹತ್ತರಷ್ಟು ವಾಟ್ ಬೇಕಾಗುತ್ತದೆ. 5 ವಾಟಿನಲ್ಲಿ ಆರಾಮಾಗಿದ್ದ ಆಂಪ್ ಸೀದಾ 50ಕ್ಕೆ ಹೋಗಿ ನಿಲ್ಲುತ್ತದೆ. ಎರಡು, ವಾಲ್ಯೂಮ್ ನಾಬ್. ಅರ್ಧಕ್ಕೆ ಇದ್ದರೆ ಅರ್ಧ ವಾಟ್ ಅಂತಲ್ಲ. ಸಿಡಿ ಪ್ಲೇಯರ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಸಾಧನ) 2 ವೋಲ್ಟ್ ಕೊಡುತ್ತದೆ, ಹಳೇ ಆಂಪ್‌ಗಳಿಗೆ ಪೂರ್ತಿ ವಾಟಿಗೆ 0.2 ವೋಲ್ಟ್ ಆಸುಪಾಸು ಸಾಕು. ಹಾಗಾಗಿ ನಾಬ್ ಮಧ್ಯ ದಾಟುವ ಮೊದಲೇ ಆಂಪ್ ಖಾಲಿಯಾಗಿರುತ್ತದೆ. ಮೇಲೆ ಇನ್ನೂ ಜಾಗ ಇದೆ ಅಂತ ತಿರುಗಿಸಬೇಡಿ, ಕಿವಿಗೆ ಗಡುಸು ಅನ್ನಿಸಿದ ತಕ್ಷಣ ಇಳಿಸಿ.

ಇನ್ನು ಕೊನೆಗೆ ಕೇಳಿದ್ದ ಆ ಪುಟ್ಟ ಟಿಪಿಎ3116 ಆಂಪ್ ಬೋರ್ಡ್ ಬಗ್ಗೆ. ಆನ್‌ಲೈನಿನಲ್ಲಿ "100+100" ಅಂತ ಬರೆದಿರುತ್ತಾರೆ. ಬೋರ್ಡಿನ ಹೆಸರು ಬಿಡಿ, ಅಡಾಪ್ಟರ್ ನೋಡಿ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಅಂದರೆ ಒಳಗೆ ಹೋಗೋದೇ 24 ವಾಟ್, ಹೊರಗೆ 200 ಹೇಗೆ ಬರುತ್ತದೆ ಹೇಳಿ? 12 ವೋಲ್ಟಿನಲ್ಲಿ 8 ಓಮ್‌ಗೆ ಚಾನೆಲ್ಲಿಗೆ 8 ವಾಟ್ ಬಂದರೆ ಹೆಚ್ಚು. 24 ವೋಲ್ಟ್ 5 ಆಂಪಿಯರಿನ ಒಳ್ಳೇ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೊಟ್ಟರೆ 30ರ ಹತ್ತಿರ ಬರುತ್ತದೆ. ಬೆಡ್‌ರೂಮಿಗೆ ಧಾರಾಳ ಸಾಕು. ಪಿಎಂಪಿಒ (ಜಾಹೀರಾತಿಗೆ ಉಬ್ಬಿಸಿದ ವಾಟ್) ಅಂತ ಸಾವಿರಗಟ್ಟಲೆ ಬರೆದಿದ್ದರೆ ಓದಲೂ ಹೋಗಬೇಡಿ. ಎವಿ ರಿಸೀವರ್ (ಹೋಮ್ ಥಿಯೇಟರ್ ಆಂಪ್) ಕೊಳ್ಳುವವರು "ಒಂದು ಚಾನೆಲ್, 1 ಕಿಲೋಹರ್ಟ್ಸ್, 10% ಟಿಎಚ್‌ಡಿ (ಸದ್ದು ಕೆಡುವ ಪ್ರಮಾಣ)" ಅಂತ ಬರೆದ ದೊಡ್ಡ ಅಂಕಿ ಬಿಟ್ಟು, "ಎರಡು ಚಾನೆಲ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಅಂತಿರುವ ಚಿಕ್ಕ ಅಂಕಿ ಹುಡುಕಿ.

ವಾಟಿಗಿಂತ ನನಗೆ ಭಯ ಇರೋದು ಓಮ್ ಬಗ್ಗೆ. ಹಳೇ ಸ್ಪೀಕರನ್ನೂ ಜೊತೆಗೆ ಹಾಕಬಹುದಾ ಅಂತ ಕೇಳಿದ್ದೀರಿ. ಆಂಪಿನಲ್ಲಿ ಸ್ಪೀಕರ್ ಜೋಡಿ ಆರಿಸುವ ಎ ಮತ್ತು ಬಿ ಬಟನ್ ಎರಡೂ ಒತ್ತಿದರೆ ಹೆಚ್ಚಿನ ಆಂಪ್‌ಗಳಲ್ಲಿ ಎರಡೂ ಪ್ಯಾರಲಲ್ ಆಗುತ್ತವೆ, 8ಕ್ಕೆ 8 ಸೇರಿ 4 ಓಮ್. ಹಳೇದು 4 ಓಮಿನದಾಗಿದ್ದರೆ 2.7ಕ್ಕೆ ಇಳಿಯುತ್ತದೆ. ತಡೆ ಇಳಿದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕು. ಆಗ ಸಾಯೋದು ಸ್ಪೀಕರ್ ಅಲ್ಲ, ಆಂಪಿನ ಔಟ್‌ಪುಟ್ ಟ್ರಾನ್ಸಿಸ್ಟರ್. ಸ್ಟಿಕ್ಕರ್ ಹೋಗಿದ್ದರೆ ಮೀಟರನ್ನು ಓಮ್‌ಗೆ ಇಟ್ಟು ನೋಡಿ. 6ರ ಸುತ್ತ ತೋರಿಸಿದರೆ 8 ಓಮಿನದು, 3ರಿಂದ 3.5 ತೋರಿಸಿದರೆ 4 ಓಮಿನದು.

ವೈರ್‌ಗೆ ದುಡ್ಡು ಸುರಿಯಬೇಡಿ, 1.5 ಚದರ ಎಂಎಂ ತಾಮ್ರದ್ದು ಸಾಕು. ಟೈಲ್ಸ್ ನೆಲ, ಖಾಲಿ ಗೋಡೆ ಅಂತ ಬರೆದಿದ್ದೀರಿ. ಸೋಫಾ ಮುಂದೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಬಿಡಿ. 300 ವಾಟಿನ ಆಂಪ್ ಕೊಡದ ಸುಧಾರಣೆ ಅಲ್ಲಿ ಸಿಗುತ್ತದೆ.

ಎ+ಬಿ ಒತ್ತುವ ಮೊದಲು ಆಂಪ್ ಹಿಂಬದಿಯ ಟರ್ಮಿನಲ್ ಹತ್ತಿರ ಏನು ಬರೆದಿದೆ ಅಂತ ಫೋಟೋ ಹಾಕಿ. ಅಲ್ಲಿ "ಎ+ಬಿ: 16 ಓಮ್" (ಎರಡೂ ಒತ್ತಬೇಕಾದರೆ ಒಂದೊಂದು ಸ್ಪೀಕರ್ 16 ಓಮ್ ಇರಬೇಕು) ಅಂತೇನಾದರೂ ಇದ್ದರೆ ಹಳೇ ಜೋಡಿಯನ್ನು ಆ ಪುಟ್ಟ ಬೋರ್ಡಿಗೇ ಹಾಕಿ ಬೆಡ್‌ರೂಮಿಗೆ ಕಳಿಸೋಣ.