ಅಜ್ಜನ ಪದ, ಹೆಂಚಿನ ಮೇಲಿನ ಮಳೆ, ಒಂದು ದೊಡ್ಡ ಮೈಕ್

ಪ್ರಶ್ನೆ: ನಮ್ಮ ಅಜ್ಜನಿಗೆ ಈಗ 82 ವರ್ಷ. ಊರಿನ ತಾಳಮದ್ದಳೆಗಳಲ್ಲಿ ಭಾಗವತಿಕೆ ಮಾಡುತ್ತಿದ್ದವರು. ಅವರಿಗೆ ಬಾಯಿಪಾಠ ಬರುವ ಯಕ್ಷಗಾನದ ಪದಗಳನ್ನೆಲ್ಲ ರೆಕಾರ್ಡ್ ಮಾಡಿಡಬೇಕು ಅಂತ ಲಾರ್ಜ್ ಡಯಾಫ್ರಾಮ್ ಕಂಡೆನ್ಸರ್ ಮೈಕ್ ತಗೊಂಡೆ. ಊರಿನ ಸೌಂಡ್ಸ್‌ನವರ ಹಳೆಯ ಆಂಪ್ಲಿಫೈಯರ್‌ಗೆ ಹಾಕಿದರೆ ಸದ್ದೇ ಇಲ್ಲ. ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಪೆಟ್ಟಿಗೆ) ತಂದು ಲ್ಯಾಪ್‌ಟಾಪ್‌ಗೆ ಜೋಡಿಸಿದ ಮೇಲೆ ಸದ್ದು ಬಂತು. ಆದರೆ ಅಜ್ಜನ ಸ್ವರ ಎಲ್ಲೋ ದೂರದಲ್ಲಿ, ಫ್ಯಾನು, ಮಳೆ, ಅಡುಗೆಮನೆಯ ಮಿಕ್ಸಿ ಕಿವಿಯ ಹತ್ತಿರ! ಮೈಕಿನ ತುದಿಗೆ ಬಾಯಿ ತಾಗುವಷ್ಟು ಹತ್ತಿರ ಕೂರಿಸಿದರೂ ಅದೇ ಕಥೆ. ಮೈಕ್ ಹಾಳಾಗಿದೆಯಾ?
– ಪೆರ್ಲ ಸಮೀಪದ ಓದುಗರು

ಉತ್ತರ: ನಿಮ್ಮ ಮೈಕ್ ಹಾಳಾಗಿಲ್ಲ. ಅಜ್ಜ ತುದಿಗೆ ಹಾಡುತ್ತಿದ್ದಾರೆ, ಅದರ ಕಿವಿ ಇರುವುದು ಪಕ್ಕದಲ್ಲಿ.

ಸ್ಟೇಜಿನ ಮೈಕನ್ನು ಐಸ್‌ಕ್ರೀಮ್ ಕೋನಿನ ಹಾಗೆ ಹಿಡಿದು ಮೇಲಿನಿಂದ ಹಾಡುತ್ತೇವೆ. ಈ ಜಾತಿಯ ಮೈಕುಗಳಲ್ಲಿ ಹೆಚ್ಚಿನವನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಖಕ್ಕೆ ಹಾಡಬೇಕು. ಟಾರ್ಚ್ ಹಾಕಿ ಜಾಲರಿಯೊಳಗೆ ನೋಡಿ. ಹಳೆಯ ಎಂಟಾಣೆಯಷ್ಟು ಅಗಲದ, ಸುಮಾರು 1 ಇಂಚಿನ ಹೊಳೆಯುವ ಬಿಲ್ಲೆ ಕಾಣುತ್ತದೆ. ಆ ಬಿಲ್ಲೆ ಅಜ್ಜನನ್ನು ನೋಡುತ್ತಿರಬೇಕು. ಆದರೆ ಅದಕ್ಕೆ ಎರಡು ಮಗ್ಗುಲು. ಸಾಮಾನ್ಯವಾಗಿ ಕಂಪೆನಿಯ ಗುರುತೋ ಹೃದಯದ ಆಕಾರದ ಚಿಹ್ನೆಯೋ ಇರುವ ಕಡೆಯೇ ಮುಖ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಮೊದಲ ಮೈಕ್ ಬಂದ ವಾರ, ಕುಂಬಳೆಯ ನಮ್ಮ ಮನೆಯ ಚಾವಡಿಯಲ್ಲಿ ಅಮ್ಮನನ್ನು ಕೂರಿಸಿ ಮದುವೆಯ ಶೋಭಾನೆ ಹಾಡುಗಳನ್ನು ಹಾಡಿಸಿದೆ. ಒಂದು ಮಧ್ಯಾಹ್ನ ಪೂರ್ತಿ. ಮೈಕಿನ ಬೆನ್ನು ಅಮ್ಮನ ಕಡೆಗಿತ್ತು, ಮುಖ ಅಂಗಳದ ಕಡೆಗೆ. ಈಗ ಕೇಳಿದರೆ ಅಂಗಳದಲ್ಲಿ ಅಡಿಕೆ ಹರಗುವ ಸದ್ದು ಒಂದೊಂದು ಕಾಳೂ ಬಿಡದೆ ಕೇಳುತ್ತದೆ, ಅಮ್ಮ ಮಾತ್ರ ಗೋಡೆಯಾಚೆ. ಮತ್ತೊಮ್ಮೆ ಹಾಡಿಸೋಣ ಅನ್ನುವಷ್ಟರಲ್ಲಿ ಅವಳಿಗೆ ಸ್ವರವೇ ಹೊರಡದಾಯಿತು. ಅದಕ್ಕೇ ಇವತ್ತಿಗೂ ಮೊದಲು ಮೈಕಿನ ನಾಲ್ಕೂ ಬದಿಗೆ ಕೈ ಚಪ್ಪಾಳೆ ತಟ್ಟಿ ನೋಡುತ್ತೇನೆ. ಹೆಡ್‌ಫೋನ್ ಹಾಕಿಕೊಂಡರೆ ಯಾವ ಕಡೆ ಜಾಸ್ತಿ ಅಂತ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಸದ್ದೇ ಬರದ ವಿಷಯ. ಈ ಮೈಕಿಗೆ ಹೊರಗಿನಿಂದ 48 ವೋಲ್ಟ್ ಬೇಕು. ಫ್ಯಾಂಟಮ್ ಪವರ್ ಅಂತ ಕರೆಯುತ್ತಾರೆ. ಮೂರು ಪಿನ್ನಿನ ಅದೇ ಕೇಬಲಿನಲ್ಲೇ ಹೋಗುತ್ತದೆ, ಬೇರೆ ವಯರು ಬೇಡ. ಹಳೆಯ ಆಂಪ್ಲಿಫೈಯರುಗಳಲ್ಲಿ ಆ ವ್ಯವಸ್ಥೆ ಇರುವುದಿಲ್ಲ. ಇಂಟರ್‌ಫೇಸಿನಲ್ಲಿ 48 ಅಂತ ಬರೆದ ಗುಂಡಿ ಇದೆಯಲ್ಲ, ಅದೇ. ವಾಲ್ಯೂಮ್ ಇಳಿಸಿ, ಕೇಬಲ್ ಹಾಕಿ, ಆಮೇಲೆ ಗುಂಡಿ ಒತ್ತಿ. ತೆಗೆಯುವಾಗ ಮೊದಲು ಗುಂಡಿ ಆರಿಸಿ ಅರ್ಧ ನಿಮಿಷ ಬಿಟ್ಟು ಕೇಬಲ್ ಕೀಳಿ.

ಫ್ಯಾನು, ಮಿಕ್ಸಿ ಯಾಕೆ ಅಷ್ಟು ಕೇಳುತ್ತದೆ? ಸ್ಟೇಜಿನ ಮೈಕಿನಲ್ಲಿ ಸದ್ದಿಗೆ ಅಲುಗುವ ಪೊರೆಗೆ ತಾಮ್ರದ ಸುರುಳಿ ಅಂಟಿಸಿರುತ್ತಾರೆ. ಸದ್ದು ಬಂದಾಗ ಆ ಭಾರವನ್ನೂ ಎಳೆದುಕೊಂಡು ಪೊರೆ ಅಲುಗಬೇಕು. ಕಂಡೆನ್ಸರಿನಲ್ಲಿ ಆ ಭಾರ ಇಲ್ಲ. ಚಿನ್ನದ ಲೇಪ ಕೊಟ್ಟ, ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ ಅಷ್ಟೇ, ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳು. ಹಾಗಾಗಿ ಪದದ ಕೊನೆಯಲ್ಲಿ ಅಜ್ಜ ಉಸಿರು ಬಿಡುವುದೂ ದಾಖಲಾಗುತ್ತದೆ, ಮಿಕ್ಸಿಯೂ ದಾಖಲಾಗುತ್ತದೆ. ಪೊರೆ ಅಗಲವಿದ್ದಷ್ಟೂ ಮೈಕಿನದೇ ಸ್ವಂತದ ‘ಸುಂಯ್’ ಸದ್ದು ಕಡಿಮೆ. ಪ್ರಾಯವಾದವರ ತಗ್ಗಿದ ಸ್ವರಕ್ಕೆ ನೀವು ಆರಿಸಿದ್ದು ಸರಿಯಾದ ಮೈಕೇ.

ಆದ್ದರಿಂದ ಮೈಕಿಗಿಂತ ಮೊದಲು ಕೋಣೆ ನೋಡಿ. ಚಾವಡಿ ಬೇಡ, ಅಲ್ಲಿ ಗೋಡೆಯೂ ನೆಲವೂ ಸದ್ದನ್ನು ವಾಪಸ್ ಎಸೆಯುತ್ತವೆ. ಬಟ್ಟೆಬರೆ, ಹಾಸಿಗೆ ಇರುವ ಮಲಗುವ ಕೋಣೆ ಒಳ್ಳೆಯದು. ಹತ್ತಿಯ ಹಾಸಿಗೆ ಒಂದನ್ನು ಅಜ್ಜನ ಬೆನ್ನ ಹಿಂದೆ ಗೋಡೆಗೆ ಒರಗಿಸಿ. ಮೈಕ್ ಅವರ ಕಡೆ ನೋಡುವಾಗ ಅವರ ಹಿಂದಿನ ಗೋಡೆಯನ್ನೂ ನೋಡುತ್ತಿರುತ್ತದೆ, ಅದಕ್ಕೇ ಬೆನ್ನ ಹಿಂದೆ. ಮೈಕಿನ ಬೆನ್ನು ಅಡುಗೆಮನೆಯ ಕಡೆಗಿರಲಿ. ಫ್ಯಾನು ಆರಿಸಿ, ಹತ್ತು ನಿಮಿಷಕ್ಕೊಮ್ಮೆ ಹಾಕಿ ಅಜ್ಜನಿಗೆ ಗಾಳಿ ಕೊಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ, ಚಾರ್ಜರಿನ ಗುಂಯ್‌ಗುಡುವಿಕೆ ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ. ಹೆಂಚಿನ ಮೇಲಿನ ಮಳೆಗೆ ಮಾತ್ರ ಯಾವ ಮದ್ದೂ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಹೊಳವಾದ ಗಳಿಗೆ ಕಾದು ಹಾಡಿಸಬೇಕು, ಇಲ್ಲವಾದರೆ ದೀಪಾವಳಿ ಕಳೆಯಲಿ. 82ರ ಹರೆಯದವರ ವಿಷಯದಲ್ಲಿ ನಾನಾದರೆ ದೀಪಾವಳಿಗೆ ಕಾಯುವುದಿಲ್ಲ.

ದೂರ ಒಂದೂವರೆ ಗೇಣಿನಿಂದ ಶುರು ಮಾಡಿ. ತೀರಾ ಹತ್ತಿರ ಬಂದರೆ ತಗ್ಗು ಸ್ವರ ಉಬ್ಬಿ ಹಂಡೆಯೊಳಗೆ ಹಾಡಿದ ಹಾಗಾಗುತ್ತದೆ. ದೂರ ಇಮ್ಮಡಿಯಾದರೆ ಬಾಯಿಂದ ನೇರವಾಗಿ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಇಳಿಯುವುದಿಲ್ಲ. ಮೈಕನ್ನು ಹಣೆಯ ಮಟ್ಟದಲ್ಲಿಟ್ಟು ಸ್ವಲ್ಪ ಬಾಯಿಯ ಕಡೆ ಬಾಗಿಸಿ. ‘ಪ’, ‘ಭ’ ಹೇಳುವಾಗಿನ ಗಾಳಿ ಕೆಳಗಿನಿಂದ ಹಾದುಹೋಗುತ್ತದೆ. ಆ ಗಾಳಿಯನ್ನು ತಡೆಯಲು ಮೈಕಿನ ಮುಂದೆ ಇಡುವ ಪಾಪ್ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು.

ಗೇನ್, ಅಂದರೆ ಮೈಕಿನ ಸದ್ದನ್ನು ಎಷ್ಟು ಏರಿಸಬೇಕು ಅನ್ನುವ ತಿರುಗಣೆ, ಇಡುವಾಗ ಒಂದು ಮಾತು. ಅಜ್ಜ ಮೊದಲಿಗೆ ಮೆಲ್ಲ ಹಾಡುತ್ತಾರೆ, ಅದನ್ನು ನಂಬಬೇಡಿ. ಎತ್ತರದ ಸ್ವರದಲ್ಲಿ ಹಾಡುವ ಒಂದು ಏರುಪದ ಹೇಳಿಸಿ. ಅಲ್ಲಿ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್‌ನ ಹತ್ತಿರ ನಿಲ್ಲುವಂತೆ ಗೇನ್ ಇಟ್ಟು ಮತ್ತೆ ಮುಟ್ಟಬೇಡಿ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 24 ಬಿಟ್ ಆರಿಸಿ ರೆಕಾರ್ಡ್ ಮಾಡಿದರೆ ಮೆಲ್ಲ ಹಾಡಿದ್ದನ್ನು ಆಮೇಲೆ ಏರಿಸಬಹುದು. ಸದ್ದು ಮಿತಿಮೀರಿ ಒಡೆದುಹೋದ ಏರುಪದವನ್ನು ಸರಿ ಮಾಡುವುದು ತುಂಬಾ ಕಷ್ಟ.

ಮತ್ತೆ, ಪದ ಶುರುವಾಗುವ ಮೊದಲು ಅಜ್ಜನ ಬಾಯಿಂದಲೇ ಹೇಳಿಸಿ: ಯಾವ ಪ್ರಸಂಗ, ಯಾವ ರಾಗ, ಯಾವ ತಾಳ, ಯಾರಿಂದ ಕಲಿತದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸುತ್ತಮುತ್ತ ಇದ್ದುಕೊಂಡು ಈ ವಿವರ ಬಿಟ್ಟರೆ ನಷ್ಟ ನಮಗೇ.

ಪ್ರಶ್ನೆ: ಚೆಂಡೆ, ಮದ್ದಳೆ ಸೇರಿಸಿ ಇದೇ ಒಂದು ಮೈಕಿನಲ್ಲಿ ರೆಕಾರ್ಡ್ ಮಾಡಬಹುದಾ?
– ಮುಳ್ಳೇರಿಯದ ಓದುಗರು

ಉತ್ತರ: ಸಣ್ಣ ಕೋಣೆಯಲ್ಲಿ ಬೇಡ. ಚೆಂಡೆ ಪದವನ್ನು ನುಂಗಿಬಿಡುತ್ತದೆ. ದೊಡ್ಡ ಜಾಗ ಇದ್ದರೆ ಭಾಗವತರು ಮೈಕಿನ ಮುಖದ ಕಡೆ, ಮದ್ದಳೆ ಅವರ ಪಕ್ಕ ಸ್ವಲ್ಪ ಹಿಂದೆ, ಚೆಂಡೆ ಮೈಕಿನ ಬೆನ್ನಿನ ಕಡೆ ಹತ್ತು ಹೆಜ್ಜೆ ದೂರ. ಮೈಕಿನಲ್ಲಿ ಮೈನಸ್ 10 ಅಂತ ಬರೆದ, ಜೋರು ಸದ್ದನ್ನು ತಗ್ಗಿಸುವ ಸ್ವಿಚ್ ಇದ್ದರೆ ಹಾಕಿ. ಪದ ಉಳಿಸುವುದೇ ಉದ್ದೇಶವಾದರೆ ಶ್ರುತಿ ಮಾತ್ರ ಸಾಕು. ಜಾಗಟೆ ಕೂಡ ಬೇಡ, ತಾಳವನ್ನು ತೊಡೆಯ ಮೇಲೆ ಹಾಕಲಿ.

ಪ್ರಶ್ನೆ: ಜೂನ್ ಬಂತೆಂದರೆ ನನ್ನ ಮೈಕಿನಲ್ಲಿ ಚಟಚಟ ಸದ್ದು. ಅಕ್ಕಿಯಲ್ಲಿ ಹೂತಿಡಿ ಅನ್ನುತ್ತಾರೆ. ಸರಿಯಾ?
– ಮಂಜೇಶ್ವರದ ಓದುಗರು

ಉತ್ತರ: ಅಕ್ಕಿ ಬೇಡವೇ ಬೇಡ, ತೌಡಿನ ಧೂಳು ಪೊರೆಗೆ ಕೂರುತ್ತದೆ. ಪೊರೆಯ ಹಿಂದಿನ ವಿದ್ಯುತ್ತು ತೇವದ ದಾರಿಯಲ್ಲಿ ಸೋರುವಾಗ ಆ ಸದ್ದು ಬರುವುದು. ಸಮುದ್ರದ ಬದಿಯ ಮನೆಗಳಲ್ಲಿ ಇದು ಜಾಸ್ತಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಸಾಧಾರಣವಾಗಿ ಸರಿಹೋಗುತ್ತದೆ. ಜೆಲ್‌ನ ಕಾಳು ಬಣ್ಣ ಬದಲಿಸಿದರೆ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಬಿಸಿ ಮಾಡುವುದು ಜೆಲ್ಲನ್ನು ಮಾತ್ರ, ಮೈಕನ್ನು ಒಲೆಯ ಹತ್ತಿರವೂ ಬಿಸಿಲಿಗೂ ಇಡಬೇಡಿ, ಜಾಲರಿಯೊಳಗೆ ಬಾಯಿಂದ ಊದಲೂ ಬೇಡಿ.